ಅಂಚೆ ಕಾರ್ಡಿನಲ್ಲಿ ಕಂಡ ಜಪಾನ್

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, ‘ನೀವು ಐಟಿಯವರು, ಸೈಬರ್ ಸುರಕ್ಷತೆ ಬಗ್ಗೆ ಮಾತಾಡ್ತೀರಾ?’ ಎಂದು ಕೇಳಿದರು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎನ್ನುವುದನ್ನು ಬಿಟ್ಟರೆ ಆ ವಿಷಯದಲ್ಲಿ ನನಗೆ ಹೇಳಲು ಹೆಚ್ಚೇನೂ ಇಲ್ಲ. ಅದನ್ನು ಈಗ ಹೇಳಿದ್ದೂ ಆಯಿತು. ಅದರ ಬದಲು ನನಗೆ ಹಿಡಿದಿರುವ ಒಂದು ಹುಚ್ಚಿನ ಬಗ್ಗೆ ಮಾತಾಡಲೇ ಎಂದೆ. ನಕ್ಕು ಒಪ್ಪಿಕೊಂಡರು.

ಈಗ ನಿಮ್ಮ ಕೈಯಿಂದ ಕೈಗೆ ಒಂದು ಪ್ಲಾಸ್ಟಿಕ್ ಕವರ್ ದಾಟಿ ಬರುತ್ತದೆ. ಅದರಲ್ಲಿ ಆರು ಹಳೆಯ ಜಪಾನೀ ಅಂಚೆ ಕಾರ್ಡುಗಳಿವೆ. ತಿಂಡಿ ತಿಂದ ಕೈ ಒರೆಸಿಕೊಂಡು ಹಿಡಿದುಕೊಳ್ಳಿ, ಅಷ್ಟೇ ವಿನಂತಿ. ಹರಿದರೆ ನಾನೇನೂ ಬೈಯುವುದಿಲ್ಲ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಪುಣೆಯಲ್ಲಿ ಜಪಾನೀ ಭಾಷೆ ಕಲಿಯುವವರು ಎಷ್ಟು ಮಂದಿ ಎಂದು ನಿಮಗೆ ಗೊತ್ತೇ ಇದೆ. ನಿಮ್ಮ ಮನೆಯಲ್ಲೇ ಒಬ್ಬರು ಇರಬಹುದು. ಕ್ಲೈಂಟ್ ಜಪಾನಿನವರು ಎನ್ನುವ ಕಾರಣಕ್ಕೆ ನಾನೂ ಕಲಿತೆ. ಎರಡು ವಾರದ ಕೆಲಸದ ಮೇಲೆ ಟೋಕಿಯೋಗೆ ಹೋದಾಗ ಒಂದು ಶನಿವಾರ ಬಿಡುವಿತ್ತು. ಜಿಂಬೋಚೋ ಎಂಬ ಹಳೆ ಪುಸ್ತಕದಂಗಡಿಗಳ ಬೀದಿಗೆ ಹೋದೆ. ಒಂದು ಅಂಗಡಿಯ ಮುಂದೆ ರಟ್ಟಿನ ಡಬ್ಬದಲ್ಲಿ, ನಮ್ಮಲ್ಲಿ ಕೊತ್ತಂಬರಿ ಕಟ್ಟು ನಿಲ್ಲಿಸಿದ ಹಾಗೆ, ಸಾಲಾಗಿ ಹಳೆಯ ಕಾರ್ಡುಗಳು ನಿಂತಿದ್ದವು. ಸೀರೆ ಅಂಗಡಿಯಲ್ಲಿ ಕಳೆಯುವಷ್ಟೇ ಹೊತ್ತು ಅಲ್ಲಿ ಕಳೆದು ಈ ಆರನ್ನು ಆರಿಸಿದೆ.

ಮೊದಲು ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿ. ಚಿತ್ರ ಆಮೇಲೆ. ನಾನು ಓದಿದ್ದು ಎಂಟೆಕ್, ಅದರಲ್ಲೂ ಇಮೇಜ್ ಪ್ರೊಸೆಸಿಂಗ್. ಚಿತ್ರ ನೋಡುವ ಮೊದಲು ಫೈಲಿನ ವಿವರ ನೋಡುವ ಕೆಟ್ಟ ಅಭ್ಯಾಸ. ಈ ಕಾರ್ಡುಗಳಲ್ಲಿ ಆ ವಿವರವೆಲ್ಲ ಹಿಂದೆಯೇ ಅಚ್ಚಾಗಿದೆ. ಜಪಾನ್ ಸರ್ಕಾರ 1873ರಲ್ಲೇ ಅಂಚೆ ಕಾರ್ಡು ತಂದಿತ್ತಾದರೂ ಖಾಸಗಿಯವರು ಚಿತ್ರದ ಕಾರ್ಡು ಅಚ್ಚು ಮಾಡಬಹುದು ಎಂಬ ಅನುಮತಿ ಸಿಕ್ಕಿದ್ದು 1900ರ ಅಕ್ಟೋಬರಿನಲ್ಲಿ. ಆಗ ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. ಮಾತು ಏನಿದ್ದರೂ ಚಿತ್ರದ ಅಂಚಿನಲ್ಲಿ ತುರುಕಬೇಕು. 1907ರಲ್ಲಿ ಹಿಂಬದಿಯ ಮೂರನೇ ಒಂದು ಭಾಗವನ್ನು ಸಂದೇಶಕ್ಕೆ ಬಿಟ್ಟುಕೊಟ್ಟರು, 1918ರಲ್ಲಿ ಅರ್ಧ. ಅಂದರೆ ನಡುವಿನ ಗೆರೆ ಎಲ್ಲಿದೆ ನೋಡಿದರೆ ಕಾರ್ಡಿನ ವಯಸ್ಸು ಗೊತ್ತಾಗುತ್ತದೆ. ಇನ್ನೊಂದು ಗುಟ್ಟಿದೆ. ಅಂಚೆ ಕಾರ್ಡಿಗೆ ಅವರು ಹಗಾಕಿ ಎನ್ನುತ್ತಾರೆ. ಜಪಾನೀ ಲಿಪಿಯಲ್ಲಿ ‘ಕ’ ಅಕ್ಷರದ ತಲೆಯ ಬದಿಗೆ ಎರಡು ಚುಕ್ಕೆ ಇಟ್ಟರೆ ‘ಗ’ ಆಗುತ್ತದೆ. 1933ರವರೆಗೆ ಕಾರ್ಡಿನ ಮೇಲೆ ಆ ಎರಡು ಚುಕ್ಕೆಗಳನ್ನು ಹಾಕುತ್ತಿರಲಿಲ್ಲ. ಜೊತೆಗೆ ಬಲದಿಂದ ಎಡಕ್ಕೆ ಅಚ್ಚು. ನಾನು ಮೊದಲ ಸಲ ಓದಿದಾಗ ಏನೂ ಅರ್ಥವಾಗದೆ, ಮೂರು ವರ್ಷ ಕಟ್ಟಿದ ಫೀಸು ದಂಡ ಅಂದುಕೊಂಡಿದ್ದೆ.

ಆಗ ಜಪಾನಿನೊಳಗೆ ಕಾರ್ಡು ಕಳಿಸಲು ಒಂದೂವರೆ ಸೆನ್ ಸಾಕಿತ್ತು. ಒಂದು ಯೆನ್‌ಗೆ ನೂರು ಸೆನ್. 1904-05ರ ರಷ್ಯಾ ಯುದ್ಧದ ಹೊತ್ತಿಗಂತೂ ಇದು ದೇಶದ ಹುಚ್ಚೇ ಆಯಿತು. ಅಂಚೆ ಇಲಾಖೆ ಸ್ಮರಣೆಯ ಕಾರ್ಡು ಬಿಡುಗಡೆ ಮಾಡಿದರೆ ಜನ ಮುಗಿಬೀಳುತ್ತಿದ್ದರು. ಇವತ್ತು ಇಂಥವನ್ನು ದೊಡ್ಡ ದೊಡ್ಡ ಸಂಗ್ರಹಾಲಯಗಳೇ ಜೋಪಾನ ಮಾಡಿವೆ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಮ್ಮಿಗೆ ಲಿಯೊನಾರ್ಡ್ ಲಾಡರ್ ಎಂಬವರು ಕೊಟ್ಟ ಸಂಗ್ರಹದಲ್ಲಿ 20,000ಕ್ಕೂ ಹೆಚ್ಚು ಜಪಾನೀ ಕಾರ್ಡುಗಳಿವೆ. ನನ್ನ ಆರಕ್ಕೆ ಹೊಟ್ಟೆಕಿಚ್ಚೇನೂ ಇಲ್ಲ.

ಈಗ ಮುಂಬದಿಗೆ ಬನ್ನಿ. ಮೊದಲ ಕಾರ್ಡು, ಮೂವರು ಹೆಂಗಸರು ಚಹಾ ಕುಡಿಯುತ್ತಿರುವುದು. ಎಷ್ಟು ಚೆಂದದ ಬಣ್ಣ ನೋಡಿ. ಆದರೆ ಇದು ಕಪ್ಪು-ಬಿಳುಪು ಚಿತ್ರ. ಕೊಲೊಟೈಪ್ ಎಂಬ ವಿಧಾನದಲ್ಲಿ, ಗಾಜಿನ ಮೇಲೆ ಹಚ್ಚಿದ ಜೆಲಟಿನ್ ಪದರದಿಂದ ಅಚ್ಚು ತೆಗೆದು, ಆಮೇಲೆ ಒಂದೊಂದು ಕಾರ್ಡಿಗೂ ಕೈಯಲ್ಲಿ ಕುಂಚ ಹಿಡಿದು ಬಣ್ಣ ಹಾಕಿದ್ದು. ಟೋಕಿಯೋದಲ್ಲಿ ಒಗಾವಾ ಕಝುಮಾಸಾ 1889ರಲ್ಲಿ ಈ ವಿಧಾನದ ಮುದ್ರಣ ಶುರು ಮಾಡಿದರು. ಮುಂದೆ ಬಂದರು ಪಟ್ಟಣ ಯೋಕೊಹಾಮಾದಲ್ಲಿ ಉಯೆದಾ, ತೊಂಬೊಯಾ ಮುಂತಾದ ಅಂಗಡಿಗಳು ಹಡಗಿನಿಂದ ಇಳಿಯುವ ವಿದೇಶಿ ಪ್ರವಾಸಿಗರಿಗಾಗಿ ರಾಶಿ ರಾಶಿ ಚಿತ್ರ ಕಾರ್ಡುಗಳನ್ನು ಹೊರತಂದವು. ಒಂದೇ ಚಿತ್ರದ ಎರಡು ಪ್ರತಿ ಸಿಕ್ಕರೆ ಒಂದರಲ್ಲಿ ಕಿಮೋನೊ ಕೆಂಪು, ಇನ್ನೊಂದರಲ್ಲಿ ನೇರಳೆ. ನಿಜವಾಗಿ ಯಾವ ಬಣ್ಣವಿತ್ತೋ! ಈಗ ಹಳೆ ಫೋಟೋಗೆ ಬಣ್ಣ ತುಂಬುವ ಆ್ಯಪ್‌ಗಳು ಮಾಡುವುದೂ ಇದೇ ಊಹೆ. ಆಗ ಊಹಿಸುವವರಿಗೆ ಕೂಲಿ ಸಿಗುತ್ತಿತ್ತು.

ಈ ಚಹಾ ಕಾರ್ಡಿನಿಂದ ನನಗೊಂದು ಮುಖಭಂಗವೂ ಆಯಿತು. ನಮ್ಮ ಆಫೀಸಿನ ‘ಜಪಾನ್ ಡೇ’ಯಲ್ಲಿ ಹತ್ತು ನಿಮಿಷ ಮಾತಾಡುವ ಅವಕಾಶ ಸಿಕ್ಕಿ, ಇದನ್ನು ಸ್ಲೈಡಿನಲ್ಲಿ ದೊಡ್ಡದಾಗಿ ಹಾಕಿ ‘ನೂರು ವರ್ಷದ ಹಿಂದಿನ ಜಪಾನೀ ಮನೆಯ ಒಂದು ಮಧ್ಯಾಹ್ನ’ ಎಂದು ಬರೆದಿದ್ದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ನಾಗಾನೊ ಪ್ರಾಂತ್ಯದಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಎಲ್ಲರೆದುರು ಏನೂ ಹೇಳಲಿಲ್ಲ. ಸಂಜೆ ಕಾಫಿ ಯಂತ್ರದ ಬಳಿ ಸಿಕ್ಕಿ ಮೆಲ್ಲಗೆ, ‘ಅದು ಮನೆಯಲ್ಲ, ಸ್ಟುಡಿಯೋ’ ಎಂದರು. ಹಿಂದಿನ ತೋಟ ಬಟ್ಟೆಯ ಮೇಲೆ ಬರೆದ ಪರದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಕಡೆ ತಿರುಗಿ ಕುಳಿತಿದ್ದಾರೆ. ಹರಟೆ ಹೊಡೆಯುವವರು ಹಾಗೆ ಕೂರುತ್ತಾರೆಯೇ? ಇಂಥ ಕಾರ್ಡುಗಳಿಗೆ ಕೂರುತ್ತಿದ್ದವರು ಹೆಚ್ಚಾಗಿ ಗೇಯ್ಶಾಗಳು. ಕುಸಾಕಾಬೆ ಕಿಂಬೆ ಎಂಬ ಛಾಯಾಗ್ರಾಹಕರು ಇನ್ನೂ ಮೊದಲೇ, ಸ್ಟುಡಿಯೋ ಒಳಗೇ ಗಾಳಿ-ಮಳೆ ತರಿಸಿದ್ದರು. ಕಿಮೋನೊ ಅಂಚನ್ನು ತಂತಿಯಿಂದ ಎತ್ತಿ ಕಟ್ಟುವುದು, ನೆಗೆಟಿವ್ ಮೇಲೆ ಗೀರಿ ಮಳೆ ಸುರಿಸುವುದು. ನಮ್ಮ ಹಿರಿಯರ ಫೋಟೋಗಳಲ್ಲಿ ಹಿಂದೆ ಸರೋವರ, ಹಂಸ ಎಲ್ಲ ಇರುತ್ತಿರಲಿಲ್ಲವೇ, ಹಾಗೆ.

ಆಮೇಲೆ ಆಕೆ ಹೇಳಿದ ಇನ್ನೊಂದು ಮಾತು ಈ ಹುಚ್ಚನ್ನು ಬೇರೆ ದಾರಿಗೆ ಹೊರಳಿಸಿತು. ಆಕೆಯ ಮುತ್ತಜ್ಜಿ ಹುಡುಗಿಯಾಗಿದ್ದಾಗ ಸುವಾ ಸರೋವರದ ದಡದ ಒಕಾಯಾ ಊರಿನ ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದರಂತೆ. ‘ಅವರ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ’ ಎಂದರು. ಪರದೆಯ ಮುಂದೆ ಸುಮ್ಮನೆ ಕಪ್ಪು ಹಿಡಿದ ಈ ಮೂವರು ಎಷ್ಟೋ ದೇಶಗಳ ಡಬ್ಬಗಳಲ್ಲಿ ಇಂದಿಗೂ ಸಿಗುತ್ತಾರೆ. ಆ ಮುತ್ತಜ್ಜಿ ಎಲ್ಲಿಯೂ ಇಲ್ಲ.

ನಾನು ಶಿಡ್ಲಘಟ್ಟದ ಕಡೆಯವಳು. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ, ನಮ್ಮ ಮುತ್ತಜ್ಜಿಯ ಫೋಟೋ ಇದೆಯಾ ಎಂದೆ. ಇಲ್ಲ. ಹೆಸರು? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲರೂ ದೊಡ್ಡಮ್ಮ ಅಂತಿದ್ದರು’ ಎಂದರು.

ಹೀಗಾಗಿ ಐದನೇ ಕಾರ್ಡು ನನಗೆ ಇಷ್ಟ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿರುವ ಹೆಂಗಸರು. ಹಿಂದೆ ಅಟ್ಟಣೆಯ ಮೇಲೆ ತಟ್ಟೆಗಳು, ನೆಲದ ಮೇಲೆ ಹಿಪ್ಪುನೇರಳೆ ಸೊಪ್ಪಿನ ರಾಶಿ. ಇದೂ ಫೋಟೋಗಾಗಿ ನಿಲ್ಲಿಸಿದ್ದೇ, ಆದರೆ ಸೊಪ್ಪು ಹಿಡಿದ ಕೈ ಸುಳ್ಳಲ್ಲ. ಹುಳು ಮನೆಯಲ್ಲಿ ಬೆಳೆದವರಿಗೆ ಗೊತ್ತಾಗುತ್ತದೆ. ಜ್ವರ ಬಿಟ್ಟೆದ್ದ ಹುಳುಗಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಈ ಕಾರ್ಡು ನೋಡಿದರೆ ನನಗೆ ಅದೇ ಕೇಳಿಸುತ್ತದೆ. ಚಂದ್ರಿಕೆ ಮಾತ್ರ ಕಾಣಿಸುವುದಿಲ್ಲ, ಗೂಡು ಕಟ್ಟಿಸಲು ಅವರು ಹುಲ್ಲಿನ ಹಾಸು ಬಳಸುತ್ತಿದ್ದರು. ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ 1909ರ ಹೊತ್ತಿಗೆ ಚೀನಾವನ್ನೂ ಹಿಂದಿಕ್ಕಿತು. ಅದರ ಹಿಂದೆ ಇದ್ದದ್ದು ಹಿದಾ ಪ್ರದೇಶದ ಹಳ್ಳಿಗಳಿಂದ ಹಿಮದಲ್ಲಿ ನೊಮುಗಿ ಕಣಿವೆ ದಾಟಿ ಒಕಾಯಾಗೆ ನಡೆದುಹೋದ ಹುಡುಗಿಯರು, ದಿನಕ್ಕೆ ಹನ್ನೆರಡು ಗಂಟೆಗೂ ಮೀರಿದ ದುಡಿಮೆ, ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಬೆಂದ ಬೆರಳು.

ಅಲ್ಲಿನ ರೇಷ್ಮೆಗೂ ನಮಗೂ ನಂಟಿದೆ. ಜಪಾನಿಗೆ ಹೋಗಿಬಂದ ಜಮ್‌ಶೆಟ್‌ಜಿ ಟಾಟಾ 1890ರ ದಶಕದ ಕೊನೆಯಲ್ಲಿ ಅಲ್ಲಿಂದ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಶುರು ಮಾಡಿಸಿದರು. ಬಸವನಗುಡಿ ಕಡೆಯ ಬಸ್ಸಿನಲ್ಲಿ ‘ಟಾಟಾ ಸಿಲ್ಕ್ ಫಾರ್ಮ್’ ಎಂದು ಕಂಡಕ್ಟರ್ ಕೂಗುವುದನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. 1893ರಲ್ಲಿ ಮುಂಬೈ–ಕೋಬೆ ನಡುವೆ ಜಪಾನೀ ಹಡಗು ಓಡಾಟ ಆರಂಭವಾದದ್ದರಲ್ಲೂ ಟಾಟಾ ಅವರ ಕೈಯಿತ್ತು. ಮುಂಬೈ ಪ್ರಾಂತ್ಯದ ಸೇವೆಯಲ್ಲಿದ್ದ ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಿ ಬಂದರು. ಎರಡು ವರ್ಷ ತಡವಾಗಿ ಹೋಗಿದ್ದರೆ ಅವರ ಮನೆಯವರಿಗೂ ಒಂದು ಚಿತ್ರದ ಕಾರ್ಡು ಬರುತ್ತಿತ್ತೋ ಏನೋ.

ಉಳಿದ ಮೂರನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಬಟ್ಟೆ ಒಗೆಯುವ ದಿನ. ಕಿಮೋನೊದ ಹೊಲಿಗೆಯನ್ನೇ ಪೂರ್ತಿ ಬಿಚ್ಚಿ, ಒಗೆದು, ಗಂಜಿ ಹಾಕಿ, ಉದ್ದ ಹಲಗೆಗೆ ಅಂಟಿಸಿ ಒಣಗಿಸಿ ಮತ್ತೆ ಹೊಲಿಯುತ್ತಿದ್ದರು. ಪ್ರತಿ ಸಲವೂ! ಪಕ್ಕದಲ್ಲಿರುವ ಹುಡುಗಿಯ ಬೆನ್ನ ಮೇಲೆ ಕೂಸು. ಅವಳೇ ಇನ್ನೂ ಎಂಟು ವರ್ಷದವಳಂತೆ ಕಾಣುತ್ತಾಳೆ. ಇನ್ನೊಂದು, ಹಾಕೊನೆ ಬೆಟ್ಟದ ದಾರಿಯಲ್ಲಿ ಕುರ್ಚಿಯಲ್ಲಿ ಕುಳಿತ ವಿದೇಶಿ ಹೆಂಗಸನ್ನು ನಾಲ್ವರು ಹೊತ್ತು ನಡೆಯುತ್ತಿರುವುದು. ಮೂರನೆಯದು ಟೋಕಿಯೋದ ಅಸಾಕುಸಾದಲ್ಲಿ 1890ರಲ್ಲಿ ಕಟ್ಟಿದ ಹನ್ನೆರಡು ಅಂತಸ್ತಿನ ಗೋಪುರ, ರ‍್ಯೋಉಂಕಾಕು. ಜಪಾನಿನ ಮೊದಲ ವಿದ್ಯುತ್ ಲಿಫ್ಟ್ ಇದ್ದದ್ದು ಇದರಲ್ಲಿ. ಅಪಾಯವೆಂದು ಮರುವರ್ಷವೇ ಅದನ್ನು ನಿಲ್ಲಿಸಿದಾಗ, ಜನ ಮೆಟ್ಟಿಲು ಹತ್ತಿಯಾದರೂ ಬರಲಿ ಎಂದು ನೂರು ಗೇಯ್ಶಾಗಳ ಫೋಟೋ ತೂಗುಹಾಕಿ, ಯಾರು ಹೆಚ್ಚು ಸುಂದರಿ ಎಂದು ಮತ ಹಾಕಿಸಿದರು. ಫೋಟೋ ತೆಗೆದವರು ಆಗಲೇ ಹೇಳಿದ ಒಗಾವಾ. 1923ರ ಸೆಪ್ಟೆಂಬರ್ 1ರ ಮಧ್ಯಾಹ್ನದ ಭೂಕಂಪದಲ್ಲಿ ಗೋಪುರದ ಮೇಲಿನ ಭಾಗ ಮುರಿದು ಬಿತ್ತು, ಯೋಕೊಹಾಮಾ ಸುಟ್ಟುಹೋಯಿತು. ಅವಶೇಷಗಳ ಚಿತ್ರವೂ ಬೇಗನೆ ಅಂಚೆ ಕಾರ್ಡಾಗಿ ಮಾರಾಟಕ್ಕೆ ಬಂತು. ಅಲ್ಲಿದ್ದ ಭಾರತೀಯ ವ್ಯಾಪಾರಿಗಳಿಗೆ ಊರಿನವರು ಆಗ ಮಾಡಿದ ಸಹಾಯದ ನೆನಪಿಗೆ ಭಾರತೀಯರು ಕಟ್ಟಿಸಿಕೊಟ್ಟ ನೀರಿನ ಕಾರಂಜಿಯ ಮಂಟಪ ಈಗಲೂ ಯಮಾಶಿತಾ ಪಾರ್ಕಿನಲ್ಲಿದೆ. ಹೋದರೆ ನೋಡಿ ಬನ್ನಿ.

ಕೊನೆಯದು ನಾಗಸಾಕಿ. ಹಡಗಿಗೆ ಕಲ್ಲಿದ್ದಲು ತುಂಬುತ್ತಿರುವ ಚಿತ್ರ. ಬಣ್ಣ ಹಾಕಿಲ್ಲ. ದೊಡ್ಡ ಹಡಗಿನ ಪಕ್ಕೆಗೆ ಏಣಿಯಂಥ ಅಟ್ಟಣೆ ಕಟ್ಟಿ, ದೋಣಿಯಿಂದ ಮೇಲಿನವರೆಗೂ ಮೆಟ್ಟಿಲಿಗೊಬ್ಬರಂತೆ ನಿಂತಿದ್ದಾರೆ. ಬುಟ್ಟಿ ಕೈಯಿಂದ ಕೈಗೆ ಏರುತ್ತಿದೆ. ಬಹಳ ಮಂದಿ ಹೆಂಗಸರು, ತಲೆಗೆ ಬಿಳಿ ಬಟ್ಟೆ ಕಟ್ಟಿದವರು. ಪ್ರವಾಸಿಗರು ಮೇಲಿನ ಡೆಕ್ಕಿನಿಂದ ಇದನ್ನು ತಮಾಷೆಯಂತೆ ನೋಡಿ, ದಡಕ್ಕಿಳಿದು ಇದೇ ಕಾರ್ಡು ಕೊಳ್ಳುತ್ತಿದ್ದರು. ಹಿಂಬದಿಯ ಗೆರೆ ಮೂರನೇ ಒಂದು ಭಾಗದಲ್ಲಿದೆ, ಅಂದರೆ 1907ರಿಂದ 1918ರೊಳಗಿನದು. ಯಾರೂ ಏನೂ ಬರೆದಿಲ್ಲ.

ಕೊಲೊಟೈಪಿನ ಒಂದು ಗುಣ ಹೇಳಬೇಕು. ಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬರೀ ಚುಕ್ಕೆಗಳಾಗುತ್ತವೆ. ಇದರಲ್ಲಿ ಚುಕ್ಕೆಗಳಿಲ್ಲ, ಬಹಳ ಸೂಕ್ಷ್ಮವಾದ ಸುಕ್ಕು ಮಾತ್ರ. ಹಾಗಾಗಿ ಹಿಗ್ಗಿಸಿದಷ್ಟೂ ಏನಾದರೂ ಕಾಣುತ್ತಲೇ ಹೋಗುತ್ತದೆ. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ಕೆಳಗಿನಿಂದ ನಾಲ್ಕನೆಯವಳು ಕೈಯಲ್ಲಿ ಬುಟ್ಟಿಯಿದ್ದೂ ಕತ್ತು ತಿರುಗಿಸಿ ಕ್ಯಾಮೆರಾ ಕಡೆಗೇ ನೋಡುತ್ತಿದ್ದಾಳೆ. ಮುಖ ಎಳ್ಳಿನಷ್ಟು. ಆಸೆ ತಡೆಯದೆ, ಫೋಟೋ ಸ್ಪಷ್ಟ ಮಾಡಿಕೊಡುವ ಒಂದು ಆ್ಯಪ್‌ಗೆ ಹಾಕಿದೆ. ಅರ್ಧ ನಿಮಿಷದಲ್ಲಿ ನುಣುಪು ಕೆನ್ನೆ, ದೊಡ್ಡ ಕಣ್ಣು, ಸಣ್ಣ ನಗುವಿನ ಸಮೇತ ಒಂದು ಚೆಂದದ ಮುಖ ಬಂತು. ಇಂಥ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ಎರಡು ವರ್ಷ ಓದಿದವಳು ನಾನು. ಆದರೂ ಒಂದು ಕ್ಷಣ ಖುಷಿಪಟ್ಟೆ. ಆಮೇಲೆ ಅದನ್ನು ಅಳಿಸಿ ಹಾಕಿದೆ.

ನಾಗಾನೊದ ಸಹೋದ್ಯೋಗಿಗೆ ಮೂಲ ಸ್ಕ್ಯಾನನ್ನೇ ಕಳಿಸಿದೆ. ಮರುದಿನ ಬೆಳಿಗ್ಗೆ ಉತ್ತರ ಬಂತು: ಏಣಿಯ ಮೇಲಿನವರನ್ನು ಎಣಿಸಿದ್ದಾರಂತೆ, ಇಪ್ಪತ್ತಮೂರು ಜನ. ನನ್ನ ಲೆಕ್ಕಕ್ಕೆ ಇಪ್ಪತ್ತೆರಡೇ ಸಿಗುತ್ತಾರೆ. ಎಡತುದಿಯಲ್ಲಿ ಬುಟ್ಟಿಯ ಹಿಂದೆ ಇನ್ನೊಂದು ತಲೆಯಿದೆ ಎಂದು ಆಕೆಯ ವಾದ. ಕವರ್ ಈಗ ಮೂರನೇ ಸಾಲಿಗೆ ಬಂದಿದೆ. ನಿಮ್ಮ ಕೈಗೆ ಬಂದಾಗ ನೀವೂ ಒಮ್ಮೆ ಎಣಿಸಿ ಹೇಳಿ.