ಕರೆಂಟಿನ ಲೆಕ್ಕಕ್ಕೂ ಆಡಿಟ್ ಬೇಕು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಲೆಕ್ಕ ಪ್ರತಿವರ್ಷ ಆಡಿಟ್ ಆಗುತ್ತದೆ. ಎಷ್ಟು ಸಾಲ ಕೊಟ್ಟೆವು ಅನ್ನೋದೊಂದರಿಂದಲೇ ಸಂಘ ಗಟ್ಟಿಯಾಗಿದೆ ಎನ್ನಲಾಗದು. ಯಾರಿಗೆ ಸಿಕ್ಕಿತು, ವಸೂಲಾಯಿತೇ, ಅಸಲು ಉಳಿದಿದೆಯೇ ಅಂತಲೂ ನೋಡಬೇಕು. ದೇಶದ ಕರೆಂಟು, ಸೌದೆ, ಎಣ್ಣೆಯ ಲೆಕ್ಕವೂ ಹೀಗೆಯೇ.

ಬಹುಕಾಲ ನಾವು ಮೆಗಾವಾಟ್ ಎಣಿಸಿ ಪ್ರಗತಿ ಎಂದೆವು. 1997ರವರೆಗೆ ಕಂದಾಯ ಗ್ರಾಮದ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ಕರೆಂಟು ಬಳಸಿದರೆ ಸಾಕು, ಇಡೀ ಊರಿಗೆ ವಿದ್ಯುತ್ ಬಂತೆಂದು ಲೆಕ್ಕ. 2004ರಲ್ಲಿ ನಿಯಮ ಬದಲಾಯಿತು: ಶಾಲೆ, ಪಂಚಾಯಿತಿಗಳ ಜೊತೆಗೆ ನೂರಕ್ಕೆ ಹತ್ತು ಮನೆಗಾದರೂ ಇರಬೇಕು. ಉಳಿದ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಕಾಗದದಲ್ಲಿ ಬೆಳಕೇ! 2018ರ ಏಪ್ರಿಲ್ 28ರಂದು ಮಣಿಪುರದ ಲೀಸಾಂಗ್ ಹಳ್ಳಿಗೆ ಕರೆಂಟು ಬಂದು, ದೇಶದ ಹಳ್ಳಿಗಳೆಲ್ಲ ಮುಗಿದವೆಂದು ಸರ್ಕಾರ ಸಾರಿತು. ಮನೆಮನೆಯ ಲೆಕ್ಕ ಬೇರೆಯೇ ಇತ್ತು. ಅದಕ್ಕೆಂದೇ 2017ರಲ್ಲಿ ಸೌಭಾಗ್ಯ ಯೋಜನೆ ಶುರುವಾಗಿತ್ತು.

ಹಾಗಾದರೆ ಸರಿಯಾದ ಅಳತೆ ಯಾವುದು? 2005ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ವಿಶ್ವಸಂಸ್ಥೆ ಮೊದಲಾದವು ಸೇರಿ 30 ಸೂಚಕಗಳನ್ನು ಪ್ರಕಟಿಸಿದವು. ಸಮಾಜಕ್ಕೆ 4, ಆರ್ಥಿಕತೆಗೆ 16, ಪರಿಸರಕ್ಕೆ 10. ಎಷ್ಟು ಮನೆಗೆ ಕರೆಂಟಿಲ್ಲ? ಸಂಸಾರದ ಆದಾಯದಲ್ಲಿ ಉರುವಲಿಗೆ, ಕರೆಂಟಿಗೆ ಎಷ್ಟು ಹೋಗುತ್ತದೆ? ದಾರಿಯಲ್ಲಿ ಎಷ್ಟು ಸೋರಿತು? ನೆಲದಡಿಯ ನಿಕ್ಷೇಪ ಇನ್ನೆಷ್ಟು ವರ್ಷಕ್ಕೆ ಸಾಕು? ಕಾಡು ಎಷ್ಟು ಕರಗಿತು? ಇಂಥ ಪ್ರಶ್ನೆಗಳು ಅದರಲ್ಲಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿಯವರು ಇದಕ್ಕೂ ಮೊದಲೇ ಈ ದಾರಿ ತೋರಿದ್ದರು. ಜನಕ್ಕೆ ಬೇಕಾದ್ದು ಯೂನಿಟ್ಟಲ್ಲ. ಬೆಂದ ಅನ್ನ, ದೀಪ, ಕುಡಿಯುವ ನೀರು ಎಂಬುದು ಅವರ ವಾದದ ತಿರುಳು. ತುಮಕೂರು ಜಿಲ್ಲೆಯ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅವರ ಬಳಗ 1987ರಲ್ಲಿ ಊರವರ ಸಗಣಿಯ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗೆ ದೀಪ, ನಲ್ಲಿಗೆ ನೀರು ಕೊಟ್ಟಿತು. ಗ್ಯಾಸಾದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಹೊಲಕ್ಕೇ ಮರಳಿತು. ಅಸಲು ಉಳಿಸಿಕೊಂಡು ಬಡ್ಡಿ ಉಣ್ಣೋದು ಅಂದರೆ ಇದೇ.

ಈಗ ನಮ್ಮ ಮಾತು. ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಬಂತು, ಸಂತೋಷಪಟ್ಟೆವು. ಬೋರ್‌ವೆಲ್ ಬತ್ತಿದ ಮೇಲೆ ಆ ಕರೆಂಟಿಟ್ಟುಕೊಂಡು ಏನು ಮಾಡೋಣ? ಉರಿದ ಯೂನಿಟ್ಟನ್ನು ಮೀಟರು ಬರೆದುಕೊಳ್ಳುತ್ತದೆ. ಇಳಿದ ಅಂತರ್ಜಲವನ್ನು ಬರೆದುಕೊಳ್ಳುವುದಿಲ್ಲ. ಒಲೆ ಊದಿ ಕಣ್ಣು ಕೆಡಿಸಿಕೊಂಡ ತಾಯಂದಿರ ಲೆಕ್ಕವೂ ಯಾವ ಮೆಗಾವಾಟಿನಲ್ಲೂ ಇಲ್ಲ.

ಆದ್ದರಿಂದ ಮುಂದಿನ ಮಹಾಸಭೆಗೆ ಪ್ರತಿ ಮನೆಯಿಂದ ಮೂರು ಉತ್ತರ ಬರಲಿ: ಕರೆಂಟು ದಿನಕ್ಕೆ ಎಷ್ಟು ಗಂಟೆ ಇತ್ತು? ಅಡುಗೆ ಯಾವುದರಲ್ಲಿ ಆಯಿತು? ಬೋರ್‌ವೆಲ್ ನೀರು ಎಷ್ಟು ಅಡಿಗಿಳಿಯಿತು? ದೇಶದ ಅಳತೆ ಶುರುವಾಗಬೇಕಾದ್ದು ನಮ್ಮ ಹೊಸ್ತಿಲಿಂದಲೇ.