ಪಂಗಡಗಳ ವೈರವೂ ಮನಶ್ಶಾಸ್ತ್ರವೂ

(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಒಂದೇ ಊರಿನ ಎರಡು ಓಣಿಯವರು, ಒಂದೇ ನಾಡಿನ ಎರಡು ಸೀಮೆಯವರು, ಒಂದೇ ದೇಶದ ಎರಡು ಮತದವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡುವದೇಕೆಂದು ಕೇಳಿದರೆ ನಮ್ಮ ಜನರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: “ಅವರ ಸ್ವಭಾವವೇ ಹಾಗೆ.” ಇದರಷ್ಟು ಸುಲಭವಾದ ಉತ್ತರವೂ ಇಲ್ಲ, ಇದರಷ್ಟು ಅನರ್ಥಕಾರಿಯಾದದ್ದೂ ಇಲ್ಲ. “ಅವನು ಕೆಟ್ಟವನು, ಆದುದರಿಂದ ಕಳವು ಅವನೇ ಮಾಡಿರಬೇಕು” ಎಂದು ಸಾಕ್ಷಿದಾರನು ಹೇಳಿದರೆ ನ್ಯಾಯಾಲಯವು ಅದನ್ನು ಪುರಾವೆಯೆಂದು ಎಣಿಸುವದಿಲ್ಲ. ಒಬ್ಬ ಆರೋಪಿಯ ವಿಷಯದಲ್ಲಿಯೇ ಸಲ್ಲದ ಮಾತು ಲಕ್ಷಾವಧಿ ಜನರ ವಿಷಯದಲ್ಲಿ ಸಲ್ಲುವದೆಂತು? ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಹೇಗೆ ಶೋಧಿಸಿದ್ದಾರೆಂಬುದನ್ನು ಇಂದು ತಮ್ಮ ಮುಂದೆ ಇಡುವೆವು.

ಮೊದಲು ಬಂದದ್ದು ಆಶಾಭಂಗದ ವಾದ. ಬಯಸಿದ್ದು ಕೈಗೂಡದಾಗ ಮನುಷ್ಯನಲ್ಲಿ ಕ್ರೋಧ ಹುಟ್ಟುವದು, ಆ ಕ್ರೋಧವು ಬಲಿಷ್ಠನಾದ ಕಾರಣಕರ್ತನನ್ನು ಬಿಟ್ಟು ಕೈಗೆ ಸಿಕ್ಕ ದುರ್ಬಲನ ಮೇಲೆ ಹರಿಯುವದು ಎಂದು ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದ ಪಂಡಿತರು 1939ರಲ್ಲಿ ಪ್ರತಿಪಾದಿಸಿದರು. ಮರುವರ್ಷವೇ ಹೊವ್ಲಂಡ್ ಮತ್ತು ಸಿಯರ್ಸ್ ಎಂಬವರು ಆ ದೇಶದ ದಕ್ಷಿಣ ಸಂಸ್ಥಾನಗಳ ಲೆಕ್ಕ ತೆಗೆದು, ಹತ್ತಿಯ ಬೆಲೆ ಇಳಿದ ವರ್ಷಗಳಲ್ಲಿ ನೀಗ್ರೋ ಜನರ ಗುಂಪುಕೊಲೆಗಳು ಏರಿದ್ದವೆಂದು ತೋರಿಸಿದರು. ಹತ್ತಿಯ ಧಾರಣೆಗೂ ಮನೆಯ ಜಗಳಕ್ಕೂ ಇರುವ ನಂಟನ್ನು ನಮ್ಮ ಕಡೆಯ ಒಕ್ಕಲಿಗರಿಗೆ ಯಾರೂ ಕಲಿಸಬೇಕಾಗಿಲ್ಲ! ಆದರೆ ಮುಂದಿನವರು ಲೆಕ್ಕವನ್ನು ಮತ್ತೆ ಹಾಕಿ ನೋಡಲಾಗಿ ಆ ನಂಟು ಮೊದಲು ಹೇಳಿದಷ್ಟು ಗಟ್ಟಿಯಾಗಿರಲಿಲ್ಲ. ಅಲ್ಲದೆ ಈ ವಾದವು ಸಿಟ್ಟು ಹುಟ್ಟುವ ಬಗೆಯನ್ನು ಹೇಳುವದೇ ಹೊರತು, ಅದು ಇಂಥ ಪಂಗಡದ ಮೇಲೆಯೇ ಏಕೆ ತಿರುಗುವದೆಂಬುದನ್ನು ಹೇಳಲಾರದು.

ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದವರು ಮುಜಫರ್ ಶೆರಿಫ್. ಇವರು ತುರ್ಕಸ್ಥಾನದವರು; ತುರ್ಕರಿಗೂ ಗ್ರೀಕರಿಗೂ ನಡೆದ ಘೋರ ಕಾಳಗವನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವರು. 1954ರಲ್ಲಿ ಇವರು ಅಮೇರಿಕೆಯ ಓಕ್ಲಹೋಮಾ ಸಂಸ್ಥಾನದ ಒಂದು ಕಾಡುಬೀಡಿಗೆ ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಕರೆದೊಯ್ದರು. ಎಲ್ಲರೂ ಒಂದೇ ವರ್ಣದವರು, ಒಂದೇ ಮಧ್ಯಮ ತರಗತಿಯ ಮನೆತನದವರು. ಪರಸ್ಪರ ಗುರುತು ಮಾತ್ರ ಇಲ್ಲದವರು. ಅವರನ್ನು ಎರಡು ತಂಡ ಮಾಡಿ, ಒಂದಕ್ಕೊಂದರ ಸುಳಿವಿಲ್ಲದಂತೆ ಸುಮಾರು ಒಂದು ವಾರ ಬೇರೆ ಬೇರೆ ಇರಿಸಿದರು. ಒಂದು ತಂಡ ಹಾವಿನ ಹೆಸರನ್ನೂ ಇನ್ನೊಂದು ಹದ್ದಿನ ಹೆಸರನ್ನೂ ಇಟ್ಟುಕೊಂಡವು. ನಮ್ಮ ಪುರಾಣಗಳ ನಾಗ-ಗರುಡರ ವೈರವನ್ನು ಆ ಮಕ್ಕಳು ಕೇಳಿರಲಾರರು!

ಆ ಮೇಲೆ ಪಂದ್ಯಗಳನ್ನು ಏರ್ಪಡಿಸಿದರು: ಚೆಂಡಾಟ, ಹಗ್ಗ ಎಳೆಯುವ ಆಟ. ಗೆದ್ದವರಿಗೆ ಪದಕವೂ ಚೂರಿಯೂ ಬಹುಮಾನ, ಸೋತವರಿಗೆ ಏನೂ ಇಲ್ಲ. ಕೆಲವೇ ದಿನಗಳಲ್ಲಿ ಒಬ್ಬರ ನಿಶಾನೆಯನ್ನು ಇನ್ನೊಬ್ಬರು ಸುಟ್ಟರು, ರಾತ್ರಿ ವೇಳೆ ಗುಡಿಸಲುಗಳ ಮೇಲೆ ದಾಳಿ ನಡೆಯಿತು. ಇದೆಲ್ಲಕ್ಕಿಂತ ನಮಗೆ ಗಹನವಾಗಿ ತೋರುವದು ಒಂದು ಚಿಕ್ಕ ಸಂಗತಿ. ಹುಲ್ಲಿನಲ್ಲಿ ಚೆಲ್ಲಿದ ಕಾಳುಗಳನ್ನು ಆಯುವ ಪಂದ್ಯವೊಂದನ್ನು ಇಟ್ಟು, ಪ್ರತಿಯೊಬ್ಬನು ಆಯ್ದದ್ದೆಂದು ಕಾಳುಗಳ ಚಿತ್ರವನ್ನು ಪರದೆಯ ಮೇಲೆ ಕ್ಷಣಮಾತ್ರ ತೋರಿಸಿ, “ಎಷ್ಟಿವೆ?” ಎಂದು ಕೇಳಿದರು. ನಿಜವಾಗಿ ಪ್ರತಿ ಸಲವೂ ತೋರಿಸಿದ ಕಾಳು 35. ಆದರೆ ಹುಡುಗರ ಕಣ್ಣಿಗೆ ತಮ್ಮವನ ಕಾಳು ಹೆಚ್ಚಾಗಿಯೂ ಎದುರಾಳಿಯ ಕಾಳು ಕಡಿಮೆಯಾಗಿಯೂ ಕಂಡವು. ಯಾವನೂ ಸುಳ್ಳು ಹೇಳುತ್ತಿರಲಿಲ್ಲ, ಕಂಡದ್ದನ್ನೇ ಹೇಳಿದನು. ಪಂಗಡದ ಅಭಿಮಾನವು ನಾಲಗೆಗಿಂತ ಮೊದಲು ಕಣ್ಣನ್ನು ಕೆಡಿಸುವದು. ಇಂಥ ಪ್ರಾಮಾಣಿಕ ಸಾಕ್ಷಿದಾರರ ಮುಂದೆ ವಕೀಲರ ಪಾಟೀಸವಾಲು ಏನು ಮಾಡೀತು?

ಇನ್ನು ವೈರವನ್ನು ಬಿಡಿಸುವ ಬಗೆ. ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಚಲನಚಿತ್ರ ತೋರಿಸಿದರು. ಫಲವೇನು? ಒಬ್ಬರ ಮೇಲೊಬ್ಬರು ಅನ್ನವನ್ನು ಎಸೆದಾಡಿದರು. ಸಹಪಂಕ್ತಿ ಭೋಜನದಿಂದಲೇ ಎಲ್ಲವೂ ಸರಿಹೋಗುವದೆಂದು ನಂಬಿದ ನಮ್ಮ ಸಜ್ಜನ ಸುಧಾರಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬಳಿಕ ಬೀಡಿಗೆ ಬರುವ ನೀರನ್ನು ಗುಪ್ತವಾಗಿ ನಿಲ್ಲಿಸಿದರು. ಇಬ್ಬರಿಗೂ ದಾಹ, ಇಬ್ಬರೂ ಕೂಡಿ ತೊಟ್ಟಿಯವರೆಗೆ ಹುಡುಕಿದರು. ನೀರು ಬಂದ ಮೇಲೆ ಸ್ವಲ್ಪ ಹೊತ್ತು ಸ್ನೇಹ, ಊಟದ ಹೊತ್ತಿಗೆ ಮತ್ತೆ ಹಳೆಯ ಬೈಗುಳು. ಹೀಗೆ ಒಂದರ ಮೇಲೊಂದು ಸಮಾನ ಸಂಕಟಗಳನ್ನು ಒಡ್ಡುತ್ತ ಹೋದರು. ಒಂದು ದಿನ ಊಟ ತರುವ ಲಾರಿ ಹೊರಡಲೊಲ್ಲದು. ಹುಡುಗರು ಹಗ್ಗ ಕಟ್ಟಿ ಅದನ್ನು ಎಳೆದರು. ಯಾವ ಹಗ್ಗ? ಎದುರುಬದುರು ನಿಂತು ಜಗ್ಗಾಡಿದ ಅದೇ ಹಗ್ಗ! ಕೊನೆಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಮರಳಿದರು. ದಾರಿಯಲ್ಲಿ ಒಂದು ತಂಡದವರು ತಾವು ಗೆದ್ದ ಐದು ಡಾಲರುಗಳಿಂದ ಎಲ್ಲರಿಗೂ ಪಾನೀಯ ಕೊಡಿಸಿದರು.

ಈ ಪ್ರಯೋಗಕ್ಕೂ ಪ್ರತಿವಾದ ಉಂಟು. ಹಿಂದಿನ ವರ್ಷ, 1953ರಲ್ಲಿ, ಇದೇ ಶೆರಿಫರು ನ್ಯೂಯಾರ್ಕ್ ಸಂಸ್ಥಾನದಲ್ಲಿ ಮಾಡಿದ ಪ್ರಯೋಗ ಕೆಟ್ಟುಹೋಗಿತ್ತೆಂಬುದನ್ನು ಜೀನಾ ಪೆರ್ರಿ ಎಂಬ ಲೇಖಕಿಯು 2018ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಬಯಲಿಗಿಟ್ಟಿದ್ದಾರೆ. ಅಲ್ಲಿ ಹುಡುಗರು ಮೊದಲು ಕೂಡಿ ಆಡಿದ್ದರು, ಆಮೇಲೆ ಅವರನ್ನು ಇಬ್ಭಾಗಿಸಲಾಗಿತ್ತು. ಎಷ್ಟು ಕೆಣಕಿದರೂ ಅವರು ವೈರಿಗಳಾಗಲಿಲ್ಲ. ದೊಡ್ಡವರ ಕೈವಾಡವನ್ನೇ ಶಂಕಿಸಿದರು. ಶೆರಿಫರಿಗೆ ಇದು ಸೋಲು. ಉಪಾಧ್ಯಾಯರಾದ ತಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು?

ಇಂಗ್ಲಂಡದ ಬ್ರಿಸ್ಟಲ್ ನಗರದಲ್ಲಿ ಹೆನ್ರಿ ತಾಜ್‌ಫೆಲ್ ಮಾಡಿದ ಶೋಧವನ್ನೂ ಹೇಳದೆ ಇರಲಾರೆವು. ಇವರು ಪೋಲಂಡದ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ಬಂಧುಬಳಗವನ್ನೆಲ್ಲ ಕಳೆದುಕೊಂಡವರು. ಚುಕ್ಕೆಗಳನ್ನು ಎಣಿಸುವ ನೆವದಿಂದ ಶಾಲಾಬಾಲಕರನ್ನು ಸುಮ್ಮನೆ ಎರಡು ಪಾಲು ಮಾಡಿ, ಹೆಸರರಿಯದ ಇತರರಿಗೆ ಹಣ ಹಂಚಲು ಹೇಳಿದರು. ಸ್ವಂತಕ್ಕೆ ದಮ್ಮಡಿಯ ಲಾಭವಿಲ್ಲ. ಆದರೂ ಹುಡುಗರು ತಮ್ಮ ಪಾಲಿನವರಿಗೆ ಹೆಚ್ಚು ಹಂಚಿದರು. ತಮ್ಮವರಿಗೆ ಕಡಿಮೆ ಬಂದರೂ ಚಿಂತೆಯಿಲ್ಲ, ಎದುರಿನವರಿಗೆ ಇನ್ನೂ ಕಡಿಮೆ ಬರಲಿ ಎಂಬುವರೆಗೆ ಹೋದರು. 1970ರಲ್ಲಿ ಇದು ಪ್ರಕಟವಾಯಿತು.

ಇದನ್ನು ಓದುವಾಗ ಏಕೀಕರಣದ ಇತಿಹಾಸ ನಮ್ಮ ನೆನಪಿಗೆ ಬಾರದಿರದು. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಈ ಗೆರೆಗಳನ್ನು ಎಳೆದವರು ಕನ್ನಡಿಗರಲ್ಲ. ಗೆರೆ ಬಿದ್ದ ಮೇಲೆ ಅದರ ಮೇಲೆ ಅಭಿಮಾನವನ್ನು ಬೆಳೆಸಿದವರು ಮಾತ್ರ ಕನ್ನಡಿಗರೇ. ಮೈಸೂರಿನ ಸಂಪತ್ತು ಬಡ ಉತ್ತರದ ಪಾಲಾದೀತು, ತಮ್ಮ ಜಾತಿಯ ಸಂಖ್ಯಾಬಲ ಕುಗ್ಗೀತು ಎಂಬ ಅಂಜಿಕೆಗಳು ಅಲ್ಲಿ ಎದ್ದವು. ಇತ್ತ, 1945ರಲ್ಲಿ ತುಂಗಭದ್ರೆಯ ಎಡದಂಡೆಯಲ್ಲಿ ಹೈದರಾಬಾದಿನವರೂ ಬಲದಂಡೆಯಲ್ಲಿ ಮದರಾಸಿನವರೂ ಒಂದೇ ಆಣೆಕಟ್ಟಿಗೆ ಕೈಹಚ್ಚಿದರು. ಒಬ್ಬರಿಂದಲೇ ಆಗದ ಕೆಲಸವದು. ಕಟ್ಟೆ ಎದ್ದಿತು, ಕಾಲುವೆಯ ನೀರಿನ ಜಗಳ ಇಂದಿಗೂ ನಿಂತಿಲ್ಲ. 1956ರಲ್ಲಿ ನಾಡು ಒಂದಾಯಿತು; “ಆ ಕಡೆಯವರು”, “ಈ ಕಡೆಯವರು” ಎಂಬ ಮಾತು ಕಚೇರಿಗಳಲ್ಲಿ ಇನ್ನೂ ಕೇಳಿಬರುವದು. ಓಕ್ಲಹೋಮಾದ ಹುಡುಗರಿಗೂ ಒಂದು ಸಲದ ನೀರು ಸಾಕಾಗಲಿಲ್ಲವಷ್ಟೆ.

ಆದರೆ ಈ ಶಾಸ್ತ್ರವನ್ನು ಎಲ್ಲೆಡೆಗೂ ಅನ್ವಯಿಸಲು ಹೊರಟವರಿಗೆ ನಮ್ಮದೊಂದು ಆಕ್ಷೇಪ. ಬೀಡಿನ ಹುಡುಗರು ಸಮಾನರು, ನೀರು ಇಬ್ಬರಿಗೂ ಇರಲಿಲ್ಲ. ಮಹಾಡದ ಚವದಾರ ಕೆರೆಯಲ್ಲಿಯೋ ನೀರು ತುಂಬಿತ್ತು. ಒಬ್ಬರಿಗೆ ಮಾತ್ರ ಮುಟ್ಟುವ ಅಪ್ಪಣೆ ಇರಲಿಲ್ಲ. 1927ರಲ್ಲಿ ಡಾಕ್ಟರ್ ಅಂಬೇಡಕರರು ಆ ನೀರನ್ನು ಕುಡಿದರು. ಹಕ್ಕು ಸ್ಥಿರವಾಗಲು 1937ರ ಮುಂಬಯಿ ಹೈಕೋರ್ಟಿನ ತೀರ್ಪು ಬೇಕಾಯಿತು. ಇದನ್ನು ಎರಡು ತಂಡಗಳ ಮನಸ್ತಾಪವೆನ್ನುವದು ಅನ್ಯಾಯಕ್ಕೆ ಬಣ್ಣ ಬಳಿದಂತೆ. ತಲೆತಲಾಂತರದಿಂದ ಹಿತ್ತಿಲ ಬಾಗಿಲಲ್ಲಿ ನಿಂತು ದುಡಿದವರ ಪರಿಚಯ ಮನೆಯೊಡೆಯನಿಗೆ ನಿತ್ಯವೂ ಇತ್ತು. ಆ ಪರಿಚಯದಿಂದ ಅಸ್ಪೃಶ್ಯತೆ ಎಳ್ಳಷ್ಟೂ ಸವೆಯಲಿಲ್ಲ. ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಅಧಿಕಾರದ ಬೆಂಬಲ ಇವು ಕೂಡಿದಾಗಲೇ ಪರಿಚಯವು ಪೂರ್ವಗ್ರಹವನ್ನು ಕಳೆದೀತೆಂದು ಗೋರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಬರೆದರು. ಮೊದಲು ಕಾಯದೆಯಿಂದ ಸಮಾನತೆ, ಆ ಮೇಲೆ ಹಗ್ಗ.

ಇದಕ್ಕೆ ನಮ್ಮ ದೇಶದ್ದೇ ಆದ ಪುರಾವೆ ಇದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ 1,261 ತರುಣರನ್ನು ಆರಿಸಿ, ಚೀಟಿ ಎತ್ತಿದಂತೆ ವಿಂಗಡಿಸಿ, ಒಂದು ತಿಂಗಳ ಅವಧಿಯ ಕ್ರಿಕೆಟ್ ಪಂದ್ಯಗಳನ್ನು ಆಡಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ತಂಡದಲ್ಲಿ ಆಡಿದ ಭಿನ್ನ ಜಾತಿಯವರಲ್ಲಿ ಗೆಳೆತನ ಬೆಳೆದಿತ್ತು. ಬಹುಮಾನ ಹಂಚುವಾಗ ಸ್ವಜಾತಿಯ ಪಕ್ಷಪಾತ ತಗ್ಗಿತ್ತು. ಎದುರಾಳಿಗಳಾಗಿ ಆಡಿದವರಲ್ಲಿಯೋ ಬಳಕೆ ಹೆಚ್ಚುವದಿರಲಿ, ಕಡಿಮೆಯಾಗಿತ್ತು. ಮೈದಾನ ಒಂದೇ, ಆಟ ಒಂದೇ. ತಂಡ ಕಟ್ಟಿದ ಬಗೆ ಮಾತ್ರ ಬೇರೆ.

ತಮ್ಮ ಶಾಲೆಗಳಲ್ಲಿ ಆಟದ ದಿನ ಬಂದಾಗ ಹುಡುಗರು ತಾವಾಗಿಯೇ ಓಣಿವಾರು ನಿಲ್ಲುವರು. ಹಾಗೆಯೇ ಹೆಸರು ಬರೆದುಕೊಂಡರೆ ಕೆಲಸ ಹಗುರ. ಈ ವರ್ಷ ಆ ಪಟ್ಟಿಯನ್ನು ಚೀಟಿ ಎತ್ತಿ ಮಾಡಿರೆಂದು ಬೇಡಿಕೊಳ್ಳುವೆವು.