ಎತ್ತಿದ ಕೈ ಭಾರವಾದಾಗ

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ವಿಮೋಚನಕಾಂಡದಲ್ಲಿ ಬರುವ ಒಂದು ಸಂಗತಿ ನಿಮಗೆಲ್ಲ ಗೊತ್ತಿದೆ. ಯೆಹೋಶುವನು ರೆಫೀದೀಮಿನಲ್ಲಿ ಅಮಾಲೇಕ್ಯರ ಸಂಗಡ ಯುದ್ಧ ಮಾಡುತ್ತಿದ್ದಾಗ ಮೋಶೆಯು ಗುಡ್ಡದ ಮೇಲೆ ಕೈ ಎತ್ತಿಕೊಂಡು ನಿಂತಿದ್ದನು. ಹೊತ್ತು ಏರಿದ ಹಾಗೆ ಆತನ ಕೈಗಳು ಭಾರವಾದವು. ಆಗ ಆರೋನನೂ ಹೂರನೂ ಏನು ಮಾಡಿದರು? ನಿನಗೆ ನಂಬಿಕೆ ಸಾಲದು, ಇನ್ನೂ ಎತ್ತು ಎಂದು ಗದರಿಸಲಿಲ್ಲ. ಕಲ್ಲೊಂದನ್ನು ತಂದು ಆತನನ್ನು ಕೂರಿಸಿದರು. ಆಚೆ ಒಬ್ಬನು, ಈಚೆ ಒಬ್ಬನು ನಿಂತು ಕೈಗಳಿಗೆ ಆಧಾರ ಕೊಟ್ಟರು. ದೇವರ ಮನುಷ್ಯನ ಕೈಯೇ ಸೋಲುವದಾದರೆ ನಮ್ಮ ಕೈ ಸೋಲುವದರಲ್ಲಿ ನಾಚಿಕೆ ಏನಿದೆ?

ನಮ್ಮ ಕೆಲಸವನ್ನು ನೋಡಿರಿ. ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಆದರೆ ಆ ದ್ರಾಕ್ಷಿ ಬೆಳೆಯುವದು ತಲೆಯ ಮೇಲಿನ ಚಪ್ಪರದಲ್ಲಿ. ಬಳ್ಳಿ ಕತ್ತರಿಸುವಾಗ, ಕುಡಿ ಕಟ್ಟುವಾಗ, ಗೊಂಚಲು ಕೊಯ್ಯುವಾಗ ಕೈ ಮೇಲೆಯೇ ಇರಬೇಕು. ಇಲ್ಲಿ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ಹಣ್ಣು ಇರುವದರಿಂದ ಆ ಕೆಲಸಕ್ಕೆ ಬಿಡುವಿಲ್ಲ. ತಾಂಡಿಕುಡಿ, ಪಣ್ಣೈಕಾಡಿನ ಕಾಫಿ ತೋಟಗಳಲ್ಲಿ ಮರಗಸಿ, ಏಣಿ ಹತ್ತಿ ಮೆಣಸು ಬಿಡಿಸುವದು, ಮೂಟೆ ಹೊರುವದು. ಬೋಡಿಯಿಂದಲೂ ಕಂಬಮ್ಮಿನಿಂದಲೂ ಬೆಳಗಿನ ಜಾವ ಜೀಪು ಹತ್ತಿ ಏಲಕ್ಕಿ ತೋಟಕ್ಕೆ ಹೋಗುವವರು ದಾರಿಯುದ್ದಕ್ಕೂ ಮೇಲಿನ ಕಂಬಿಗೆ ಜೋತುಬಿದ್ದಿರುತ್ತಾರೆ. ಭುಜ ನೋಯದೆ ಇನ್ನೇನಾದೀತು?

ನನಗೆ ಗೊತ್ತಿರುವ ಒಬ್ಬ ತಾಯಿಯ ಸಂಗತಿ ಹೇಳುತ್ತೇನೆ. ಚಪ್ಪರದ ಕೆಲಸ ಮಾಡಿ ಮಾಡಿ ಬಲಗೈ ಎತ್ತಲಾಗದೆ ಹೋಯಿತು. ಮೇಸ್ತ್ರಿ ಪಟ್ಟಿಯಿಂದ ಹೆಸರು ತೆಗೆದಾನೆಂದು ಹೆದರಿ ಮೂರು ತಿಂಗಳು ಬಾಯಿಬಿಡಲಿಲ್ಲ. ಆಮೇಲೆ ಯಾರೋ ಹೇಳಿದರೆಂದು ಮೂಳೆ ಕಟ್ಟುವವರ ಹತ್ತಿರ ಹೋಗಿ ಭುಜವನ್ನು ಎದೆಗೆ ಸೇರಿಸಿ ಕಟ್ಟಿಸಿಕೊಂಡು ಆರು ವಾರ ಅಲುಗಿಸದೆ ಇದ್ದರು. ಕಟ್ಟು ಬಿಚ್ಚಿದಾಗ ಕೈ ಮರದ ಕೊರಡಿನ ಹಾಗೆ ಬಿಗಿದಿತ್ತು. ಮಗಳ ಜಡೆ ಹೆಣೆಯಲಾಗಲಿಲ್ಲ. ಕಡೆಗೆ ಒಂಬತ್ತನೆಯ ತರಗತಿಯಲ್ಲಿದ್ದ ಆ ಮಗಳೇ ಶಾಲೆ ಬಿಟ್ಟು ತಾಯಿಯ ಜಾಗದಲ್ಲಿ ಚಪ್ಪರದ ಕೆಳಗೆ ನಿಂತಳು. ಪ್ರಿಯರೇ, ಭುಜದ ನೋವು ಭುಜದಲ್ಲಿಯೇ ನಿಲ್ಲುವದಿಲ್ಲ, ಅದು ಮನೆಯೊಳಕ್ಕೆ ಬರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಭುಜದ ಕೀಲು ಚಿಕ್ಕ ತಟ್ಟೆಯ ಮೇಲೆ ದೊಡ್ಡ ನಿಂಬೆಹಣ್ಣು ಇಟ್ಟಂತಿದೆ. ಎಲ್ಲ ಕಡೆಗೂ ತಿರುಗುತ್ತದೆ, ಆದರೆ ಸುಲಭವಾಗಿ ಜಾರುತ್ತದೆ. ಜಾರದಂತೆ ಹಿಡಿದಿರುವವು ಬೆನ್ನಿನ ರೆಕ್ಕೆಮೂಳೆಯಿಂದ ಹೊರಟು ಕೀಲನ್ನು ಸುತ್ತಿಕೊಂಡಿರುವ ನಾಲ್ಕು ಸ್ನಾಯುಗಳು. ಅಂಗಿಯ ತೋಳಿನ ಪಟ್ಟಿಯಂತೆ ಸುತ್ತಿರುವದರಿಂದ ವೈದ್ಯರು ಇದನ್ನು ರೊಟೇಟರ್ ಕಫ್ ಎನ್ನುತ್ತಾರೆ. ಅವುಗಳಲ್ಲಿ ಮೇಲಿನದು ಮೂಳೆಯ ಸೂರಿನ ಕೆಳಗೆ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುತ್ತದೆ. ದಿನವೆಲ್ಲ ಕೈ ಎತ್ತಿ ದುಡಿದರೆ ಅದರ ತುದಿಯ ಹುರಿಗೆ ತಾಳಲಾರದಷ್ಟು ಹೊರೆ ಬೀಳುತ್ತದೆ. ವಯಸ್ಸಾದಂತೆ ಹಳೆಯ ಹಗ್ಗದ ಹಾಗೆ ಎಳೆ ಬಿಡುವದೂ ಉಂಟು. ಆದರೆ ಸ್ಕ್ಯಾನಿನಲ್ಲಿ ಹರಿದಿದೆ ಎಂದು ಬಂದ ಮಾತ್ರಕ್ಕೆ ಎದೆಗುಂದಬೇಡಿರಿ. ನೋವೇ ಇಲ್ಲದ ಅನೇಕ ಮುದುಕರ ಭುಜದಲ್ಲಿಯೂ ಅಂಥ ಹರಿತ ಕಾಣುತ್ತದೆ.

ಗುರುತು ಹೇಗೆ? ನೋವು ಹೆಚ್ಚಾಗಿ ರಟ್ಟೆಯ ಹೊರಭಾಗದಲ್ಲಿ ಇರುತ್ತದೆ. ಕೈಯನ್ನು ಪಕ್ಕದಿಂದ ಎತ್ತುವಾಗ, ತಲೆ ಬಾಚುವಾಗ, ರವಿಕೆ ತೊಡುವಾಗ ಹಿಡಿಯುತ್ತದೆ. ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದು. ನೀವು ಎತ್ತಲಾರದ ಕೈಯನ್ನು ಇನ್ನೊಬ್ಬರು ಮೆಲ್ಲಗೆ ಎತ್ತಿದರೆ ಹೋಗುತ್ತದೆಯೋ ನೋಡಿರಿ. ಹೋದರೆ ಇದು ಸ್ನಾಯುವಿನ ನೋವಿರಬಹುದು. ಇನ್ನೊಬ್ಬರು ಎತ್ತಿದರೂ ಹೋಗದಿದ್ದರೆ ಕೀಲು ಬಿಗಿದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಈ ಬಿಗಿತ ಹೆಚ್ಚು. ಆದ್ದರಿಂದ ರಕ್ತದ ಸಕ್ಕರೆಯನ್ನು ತಪ್ಪದೆ ನೋಡಿಸಿಕೊಳ್ಳಿರಿ.

ಚಿಕಿತ್ಸೆ ಅಂದರೆ ನಾವು ಸೂಜಿ ಎನ್ನುತ್ತೇವೆ, ಇಲ್ಲವೆ ಆಪರೇಷನ್ ಎನ್ನುತ್ತೇವೆ. ಸ್ಟೀರಾಯ್ಡ್ ಸೂಜಿ ಕೆಲವು ವಾರ ನೋವನ್ನು ತಗ್ಗಿಸೀತು, ಆದರೆ ಪದೇ ಪದೇ ಹಾಕಿಸಿದರೆ ಹುರಿಗೇ ಕೇಡು. ಸಕ್ಕರೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಮೂಳೆಯ ಸೂರನ್ನು ಕೆರೆದು ದಾರಿ ಅಗಲ ಮಾಡುವ ಆಪರೇಷನ್ನಿನ ವಿಷಯದಲ್ಲಿ ಬ್ರಿಟನ್ನಿನ ವೈದ್ಯರು 313 ಮಂದಿಯನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾಗಿ ಕೆರೆದವರಿಗೂ ಬರಿದೇ ಕೊಳವೆ ಹಾಕಿ ನೋಡಿ ಹೊಲಿದವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಅಲ್ಲಿಯೇ 708 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆ ಬಡವರಿಗೆ ಸಮಾಧಾನ ಕೊಡುವಂಥದು. ಒಂದೇ ಸಾರಿ ಚೆನ್ನಾಗಿ ವ್ಯಾಯಾಮ ಕಲಿತು ಮನೆಯಲ್ಲಿ ಮಾಡಿದವರೂ, ಆರು ಸಾರಿಯವರೆಗೆ ಫಿಸಿಯೋಥೆರಪಿಗೆ ಹೋಗಿ ಬಂದವರೂ ಒಂದು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಸಮವಾಗಿ ಸುಧಾರಿಸಿದ್ದರು. ಆರು ದಿನದ ಕೂಲಿ ಕಳೆದುಕೊಳ್ಳಲಾಗದವರು ಒಂದು ದಿನವನ್ನಾದರೂ ಇದಕ್ಕೆ ಕೊಡಿರಿ ಎಂದು ನಾನು ಕೇಳುವದು ಇದಕ್ಕಾಗಿಯೇ.

ಇನ್ನು ವ್ಯಾಯಾಮಗಳು. ಇವಕ್ಕೆ ಕಾಸಿನ ಖರ್ಚಿಲ್ಲ.

ಮೊದಲನೆಯದು: ನೋಯದ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿರಿ. ನೋಯುವ ಕೈಯನ್ನು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಸಡಿಲವಾಗಿ ಬಿಟ್ಟು ಮುಂದೆ ಹಿಂದೆ ತೂಗಿರಿ, ಚಿಕ್ಕ ಸುತ್ತು ಸುತ್ತಿರಿ. ಒಂದೆರಡು ನಿಮಿಷ ಸಾಕು.

ಎರಡನೆಯದು: ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತುವಂತೆ ಮೇಲಕ್ಕೆ ನಡೆಸಿರಿ. ತಾಳುವಷ್ಟು ಹೋಗಿ ಮೆಲ್ಲಗೆ ಇಳಿಸಿರಿ. ಹತ್ತು ಸಾರಿ. ಹೋದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರೆ ವಾರದಿಂದ ವಾರಕ್ಕೆ ಏರುವದು ಕಣ್ಣಿಗೆ ಕಾಣುತ್ತದೆ.

ಮೂರನೆಯದು: ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ನಿಲ್ಲಿರಿ. ಮುಂಗೈಯ ಹಿಂಭಾಗದಿಂದ ಮರವನ್ನು ಹೊರಕ್ಕೆ ಒತ್ತಿರಿ. ಕೈ ಕದಲಬಾರದು. ಐದು ಎಣಿಸುವ ತನಕ ಒತ್ತಿ ಬಿಡಿರಿ, ಹತ್ತು ಸಾರಿ. ಹಾಗೆಯೇ ಅಂಗೈಯಿಂದ ಒಳಕ್ಕೆ ಹತ್ತು ಸಾರಿ.

ನಾಲ್ಕನೆಯದು: ಇದು ನೋವು ಸ್ವಲ್ಪ ತಗ್ಗಿದ ಮೇಲೆ. ಸೈಕಲ್ಲಿನ ಹಳೆಯ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಇಟ್ಟುಕೊಂಡು, ಟ್ಯೂಬನ್ನು ಹೊರಕ್ಕೆ ಎಳೆದು ನಿಧಾನವಾಗಿ ಬಿಡಿರಿ. ಹತ್ತು ಸಾರಿ, ಎರಡು ಸುತ್ತು. ಇದೇ ಆ ಹುರಿಗಳಿಗೆ ಬಲ ತರುವ ಮುಖ್ಯ ವ್ಯಾಯಾಮ.

ಐದನೆಯದು: ನೆಟ್ಟಗೆ ಕೂತು ಬೆನ್ನಿನ ಎರಡು ರೆಕ್ಕೆಮೂಳೆಗಳನ್ನು ಹತ್ತಿರ ತಂದು ಐದು ಎಣಿಸಿ ಬಿಡಿರಿ. ಇದನ್ನು ತೋಟದಲ್ಲಿ ಟೀ ಕುಡಿಯುವ ಹೊತ್ತಿನಲ್ಲಿಯೂ ಮಾಡಬಹುದು.

ನೋವು ಎಷ್ಟು ಇರಬಹುದು? ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿರಿ. ಮಾರನೆಯ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಎಣಿಕೆಯನ್ನು ಅರ್ಧ ಮಾಡಿರಿ, ಪೂರ್ತಿ ನಿಲ್ಲಿಸಬೇಡಿರಿ. ವಾರದಲ್ಲಿ ಗುಣವಾಗದು, ಆರು ವಾರಕ್ಕೆ ಸುಳಿವು, ಮೂರು ತಿಂಗಳಿಗೆ ಫಲ. ಬಿತ್ತಿದ ಮರುದಿನ ಯಾರೂ ಕುಡುಗೋಲು ಹಿಡಿಯುವದಿಲ್ಲವಲ್ಲ. ಮಲಗುವಾಗ ನೋಯುವ ಕೈಯ ಕೆಳಗೆ ಮಡಚಿದ ದುಪ್ಪಟಿ ಇಟ್ಟುಕೊಳ್ಳಿರಿ.

ಆದರೆ ಕೆಲವು ಸಂಗತಿಗಳಲ್ಲಿ ಕಾಯಬಾರದು. ಬಿದ್ದ ಮೇಲೆ ಕೈ ಒಮ್ಮೆಲೇ ಎತ್ತಲಾಗದಿದ್ದರೆ, ಭುಜ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಗಂಟು ಕಂಡರೆ, ಕೈ ಜೋಮು ಹಿಡಿದು ಬಲ ಕುಂದಿದರೆ ಅಂದೇ ಆಸ್ಪತ್ರೆಗೆ ಹೋಗಿರಿ. ಭುಜದ ನೋವಿನ ಜೊತೆಗೆ ಎದೆ ಬಿಗಿತ, ಬೆವರು, ಉಸಿರುಕಟ್ಟು ಇದ್ದರೆ ಅದು ಹೃದಯದ್ದಿರಬಹುದು. ಕೂಡಲೇ 108ಕ್ಕೆ ಫೋನು ಮಾಡಿರಿ.

ಎಲ್ಲಿಗೆ ಹೋಗಬೇಕು? ತೇನಿಯಲ್ಲಿಯೂ ದಿಂಡುಕ್ಕಲ್ಲಿನಲ್ಲಿಯೂ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಒಟ್ಟನ್‌ಚತ್ರದಲ್ಲಿ 1955ರಲ್ಲಿ ಆರಂಭವಾದ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆ ಇದೆ. 2021ರಲ್ಲಿ ತಮಿಳುನಾಡು ಸರಕಾರ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಗೆ ಬಂದು ಫಿಸಿಯೋಥೆರಪಿ ಕೊಡುವ ಏರ್ಪಾಡೂ ಸೇರಿತ್ತು; ಊರಿನ ಆರೋಗ್ಯ ನರ್ಸಮ್ಮನವರನ್ನು ಕೇಳಿರಿ. ಮನೆಯಲ್ಲಿ ಕನ್ನಡ ಆಡುವ ನಮ್ಮ ಹಿರಿಯರು ಆಸ್ಪತ್ರೆಯಲ್ಲಿ ಮಾತು ತಡವರಿಸುತ್ತಾರೆ. ‘ತೋಳ್‌ಪಟ್ಟೈ ವಲಿ’ ಎಂದರೆ ಸಾಕು, ತಿಳಿಯುತ್ತದೆ. ಯಾವ ಕೆಲಸ ಮಾಡುತ್ತೀರೆಂಬದನ್ನೂ ಮರೆಯದೆ ಹೇಳಿರಿ.

ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರನ್ನು ನೆನೆಯಿರಿ. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಬಲ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ದೇಹಕ್ಕೆ ಮತ್ತೆ ಬಲ ತರುವ ವೈದ್ಯವನ್ನು ಕಲಿತು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಉಳಿದ ಬಲದಿಂದ ಆರಂಭಿಸಬೇಕೆಂಬದೇ ಅವರ ಬಾಳಿನ ಪಾಠ.

ಕಡೆಯ ಮಾತು ಆರೋನ ಹೂರರ ವಿಷಯ. ಭುಜ ನೋಯುವವನ ವ್ಯಾಯಾಮವನ್ನು ಅವನೇ ಮಾಡಬೇಕು, ಆದರೆ ಕಲ್ಲು ತಂದಿಡುವದು ನಮ್ಮ ಕೆಲಸ. ಚಪ್ಪರದ ಕೆಳಗೆ ಗಟ್ಟಿಯಾದ ಮಣೆ ಹಾಕಿ ನಿಂತರೆ ಕೈ ಎದೆಯ ಮಟ್ಟಕ್ಕೆ ಹತ್ತಿರ ಬರುತ್ತದೆ. ಅರ್ಧ ಗಂಟೆಗೊಮ್ಮೆ ಮೇಲಿನ ಕೆಲಸದವರೂ ಕೆಳಗಿನ ಕೆಲಸದವರೂ ಜಾಗ ಬದಲಿಸಿಕೊಳ್ಳಬಹುದು. ಮೂಟೆಯನ್ನು ಇಬ್ಬರು ಹಿಡಿಯಬಹುದು. ಒಬ್ಬಳೇ ಹೋಗಿ ಮೇಸ್ತ್ರಿಯನ್ನು ಕೇಳಿದರೆ ಹೆಸರು ಹೋಗುವ ಭಯವಿದೆ. ಹತ್ತು ಮಂದಿ ಕೂಡಿ ಮರ್ಯಾದೆಯಿಂದ ಕೇಳಿದರೆ ಆ ಭಯ ಕಡಿಮೆ. ಮನೆಯಲ್ಲಿ ಗಂಡಸರು ನೀರಿನ ಕೊಡ ಎತ್ತಿಕೊಟ್ಟರೆ ಗೌರವವೇನೂ ಕಡಿಮೆಯಾಗದು.

ನಾನು ಹೇಳಿದ ಆ ತಾಯಿ ನಾಲ್ಕು ತಿಂಗಳು ಗೋಡೆಗೆ ಗೆರೆ ಎಳೆದರು. ಕೈ ಮೊದಲಿನಷ್ಟು ಏರಲಿಲ್ಲ, ನಿಜ. ಆದರೆ ಜೊತೆಯವರು ಅವರಿಗೆ ಗೊಂಚಲು ಬಿಡಿಸಿ ಪೆಟ್ಟಿಗೆ ತುಂಬುವ ಕೆಲಸ ಬಿಟ್ಟುಕೊಟ್ಟರು. ಜೂನ್ ತಿಂಗಳಲ್ಲಿ ಮಗಳು ತಿರುಗಿ ಶಾಲೆಗೆ ಹೋದಳು. ಅಂದು ಬೆಳಿಗ್ಗೆ ಅವಳ ಜಡೆ ಹೆಣೆದದ್ದು ತಾಯಿಯೇ.

ಸಭಾಮಂದಿರದಲ್ಲಿ ಬತ್ತಿದ ಕೈಯವನನ್ನು ಯೇಸುಸ್ವಾಮಿ ನಡುವೆ ನಿಲ್ಲಿಸಿ ಕೈ ಚಾಚೆಂದನು. ಅದು ಬಲಗೈ ಎಂದು ಬರೆದವನು ಲೂಕನೇ. ದುಡಿಯುವವನಿಗೆ ಬಲಗೈ ಏನೆಂಬದು ನಮ್ಮ ಕರ್ತನಿಗೆ ಗೊತ್ತು. ನೋವನ್ನು ಮುಚ್ಚಿಡಬೇಡಿರಿ. ನಡುವೆ ಬನ್ನಿರಿ, ಮೆಲ್ಲಮೆಲ್ಲಗೆ ಕೈ ಚಾಚಿರಿ. ಪಕ್ಕದವರ ಕೈಗೆ ಆಧಾರವಾಗಿರಿ.